ವೀರಗಲ್ಲು, ಕಲ್ನಾಡು, ಬಾಳ್ಗೞ್ಚು: ಕನ್ನಡ ನಾಡು ತನ್ನ ಯೋಧರನ್ನು ಗೌರವಿಸಿದ ಕ್ರಮ

೧. ವಿಷಯಪ್ರವೇಶ

ಕನ್ನಡ ನಾಡಿನ ಗ್ರಾಮಗಳಲ್ಲಿ ಸಂಚರಿಸುವವರಿಗೆ ಊರ ಮುಂದಣ ಗುಡಿಯ ಅಂಗಳದಲ್ಲಿಯೋ, ಕೆರೆಯ ಏರಿಯ ಮೇಲೆಯೋ, ಹೊಲದ ಬದುವಿನಲ್ಲಿಯೋ ಆಯುಧವನ್ನು ಹಿಡಿದ ಪುರುಷನ ರೂಪವುಳ್ಳ ಶಿಲೆಗಳು ಕಣ್ಣಿಗೆ ಬೀಳುವುವು. ಇವೇ ವೀರಗಲ್ಲುಗಳು. ಶಿವಮೊಗ್ಗ, ಹಾವೇರಿ, ಧಾರವಾಡ, ಕೋಲಾರ, ಹಾಸನ ಮೊದಲಾದ ಜಿಲ್ಲೆಗಳಲ್ಲಿ ಇವು ಹೇರಳವಾಗಿರುವುವು. ಮೈಸೂರು ಸಂಸ್ಥಾನದಲ್ಲಿ ೧೮೮೫ರಲ್ಲಿ ಪ್ರಾಚ್ಯವಸ್ತು ಸಂಶೋಧನ ಇಲಾಖೆಯು ಸ್ಥಾಪಿತವಾದ ಮೇಲೆ ಬಿ. ಎಲ್. ರೈಸ್, ಆರ್. ನರಸಿಂಹಾಚಾರ್ಯ, ಎಂ. ಎಚ್. ಕೃಷ್ಣ ಮುಂತಾದ ವಿದ್ವಾಂಸರ ಪರಿಶ್ರಮದಿಂದ ಇವುಗಳ ಪಾಠಗಳು ಬೆಳಕಿಗೆ ಬಂದುವು. ೧೯೬೬ರಲ್ಲಿ ಪ್ರಕಟವಾದ ಶ್ರೀ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೂ, ೧೯೮೨ರಲ್ಲಿ ಪ್ರಕಟವಾದ ಶ್ರೀ ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಎಂಬ ಗ್ರಂಥವೂ ಈ ಸಾಮಗ್ರಿಯನ್ನು ಕ್ರಮವಾಗಿ ವಿಂಗಡಿಸಿ ವಿವೇಚಿಸಿರುವುವು. ಆದುದರಿಂದ ವಿಷಯವು ಹೊಸತೆಂದು ಹೇಳುವಂತಿಲ್ಲ.

ಆದರೂ ನಮ್ಮ ಪಾಠಶಾಲೆಗಳಲ್ಲಿಯೂ ಕಾಲೇಜುಗಳಲ್ಲಿಯೂ ವೀರಗಲ್ಲಿನ ಪ್ರಸ್ತಾಪವು ಬಂದಾಗ ಎರಡೇ ವಿಧವಾದ ವಿವರಣೆಗಳು ಕೇಳಿಬರುವುವು. ಭಾಷಾಧ್ಯಾಪಕರಿಗೆ ಅದು ಪೂರ್ವದ ಹಳಗನ್ನಡದ ಮಾದರಿ. ಸಾಹಿತ್ಯಾಧ್ಯಾಪಕರಿಗೆ ಅದು ಸ್ವರ್ಗಕಾಮನೆಯಿಂದ ಪ್ರಾಣವನ್ನು ತೃಣವೆಂದು ಬಗೆದ ವೀರನ ಚಿತ್ರ. ಈ ಎರಡೂ ನಿಜವೇ. ಆದರೆ ಕಲ್ಲಿನ ಮೇಲೆ ಬರೆದಿರುವುದರಲ್ಲಿ ಇವು ಅರ್ಧವನ್ನು ಮಾತ್ರ ತಿಳಿಸುವುವು. ಅನೇಕ ಶಾಸನಗಳ ಕೊನೆಯ ಪಂಕ್ತಿಗಳಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ಭೂಮಿಯ ವಿವರವಿರುವುದು. ಇನ್ನು ಕೆಲವು ಶಾಸನಗಳಲ್ಲಿ ಕಾದಿ ಬದುಕಿ ಬಂದವನಿಗೆ ಸಲ್ಲಿಸಿದ ಗೌರವದ ವಿವರವಿರುವುದು. ಈ ಭಾಗವನ್ನು ಬಿಟ್ಟು ಓದಿದರೆ ನಮ್ಮ ಪೂರ್ವಿಕರು ಯೋಧನಿಗೆ ಕೊಟ್ಟದ್ದು ಸ್ವರ್ಗದ ಆಸೆಯೊಂದೇ ಎಂಬ ಭ್ರಮೆಯುಂಟಾಗುವುದು. ಮಡಿದವನ ಹೆಸರಿಗೆ ಕಲ್ಲು, ಅವನ ಹಿಂದೆ ಉಳಿದವರಿಗೆ ನೆಲ, ಗೆದ್ದು ಬಂದವನಿಗೆ ಬಾಳ್ಗೞ್ಚು ಎಂಬ ಮೂರು ಅಂಗಗಳು ಕೂಡಿದ ಒಂದು ವ್ಯವಸ್ಥೆಯು ಈ ನಾಡಿನಲ್ಲಿ ಇದ್ದಿತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨. ಕಲ್ಲಿನ ರಚನೆ

ವೀರಗಲ್ಲು ಸಾಮಾನ್ಯವಾಗಿ ಮೂರು ಅಂತಸ್ತುಗಳಾಗಿ ವಿಭಾಗಿಸಲ್ಪಟ್ಟಿರುವುದು. ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂತಸ್ತಿನಲ್ಲಿ ಕಾಳಗದ ದೃಶ್ಯ; ನಡುವಣದರಲ್ಲಿ ಅಪ್ಸರೆಯರು ವೀರನನ್ನು ಇಕ್ಕೆಲಗಳಲ್ಲಿಯೂ ಹಿಡಿದು ಊರ್ಧ್ವಲೋಕಕ್ಕೆ ಕರೆದೊಯ್ಯುವ ದೃಶ್ಯ; ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿರುವ ದೃಶ್ಯ. ವೀರನು ಜೈನಮತದವನಾಗಿದ್ದರೆ ಲಿಂಗದ ಸ್ಥಾನದಲ್ಲಿ ಜಿನಬಿಂಬವಿರುವುದುಂಟು. ಅಂತಸ್ತುಗಳ ನಡುವಣ ಪಟ್ಟಿಗಳಲ್ಲಿ ಶಾಸನವನ್ನು ಕೆತ್ತುವುದು ವಾಡಿಕೆ. ಎರಡು, ನಾಲ್ಕು, ಐದು ಅಂತಸ್ತುಗಳ ಕಲ್ಲುಗಳೂ ಉಂಟು. ಪ್ರಾಚೀನವಾದ ಗಂಗರ ಕಾಲದ ಕಲ್ಲುಗಳಲ್ಲಿ ಕಾಳಗದ ಒಂದೇ ದೃಶ್ಯವಿರುವುದೂ ಉಂಟು. ಬರಹವೇ ಇಲ್ಲದ ಕಲ್ಲುಗಳಂತೂ ಅಸಂಖ್ಯ.

ಶಿಲೆಯ ತುದಿಯಲ್ಲಿ ಸೂರ್ಯಚಂದ್ರರನ್ನು ಕೆತ್ತುವ ಪದ್ಧತಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಇದು ಕೇವಲ ಅಲಂಕಾರವಲ್ಲ. ದೇವಾಲಯಕ್ಕೋ ಅಗ್ರಹಾರಕ್ಕೋ ಭೂಮಿಯನ್ನು ಕೊಟ್ಟ ದಾನಶಾಸನಗಳ ಶಿರೋಭಾಗದಲ್ಲಿಯೂ ಇದೇ ಸೂರ್ಯಚಂದ್ರರು ಇರುವರು. ಕೊಟ್ಟದ್ದು ಆಚಂದ್ರಾರ್ಕವಾಗಿ ಸಲ್ಲತಕ್ಕದ್ದೆಂಬುದು ಅದರ ಅರ್ಥ. ವೀರಗಲ್ಲಿನ ಮೇಲೆಯೂ ಅದೇ ಚಿಹ್ನೆಯಿರುವುದರಿಂದ, ಅದನ್ನು ನೆಟ್ಟವರು ಒಂದು ಚಿತ್ರವನ್ನು ಮಾತ್ರವಲ್ಲದೆ ಮುಂದಿನ ಪೀಳಿಗೆಗಳನ್ನು ಕಟ್ಟುವ ಒಂದು ಪ್ರಮಾಣಪತ್ರವನ್ನೇ ನಿಲ್ಲಿಸುತ್ತಿದ್ದರೆಂದು ಭಾವಿಸಲು ಅವಕಾಶವಿದೆ. ದತ್ತಿಯನ್ನು ಹೇಳುವ ವೀರಗಲ್ಲುಗಳ ಅಂತ್ಯದಲ್ಲಿ, ಅದನ್ನು ಅಳಿದವನಿಗೆ ವಾರಣಾಸಿಯನ್ನು ಅಳಿದ ಪಾಪವೂ ಕವಿಲೆಯನ್ನು ಕೊಂದ ಪಾಪವೂ ಬರುವುದೆಂಬ, ದಾನಶಾಸನಗಳಲ್ಲಿ ಪ್ರಸಿದ್ಧವಾದ ಶಾಪವು ಕಾಣುವುದೂ ಈ ಅಭಿಪ್ರಾಯಕ್ಕೆ ಪೋಷಕವಾಗಿದೆ.

ವೀರಗಲ್ಲಿನ ಪಕ್ಕದಲ್ಲಿ ಕಂಡುಬರುವ ಮಾಸ್ತಿಕಲ್ಲನ್ನು, ಎಂದರೆ ಮಹಾಸತಿಯ ಕಲ್ಲನ್ನು, ಬಳೆ ತೊಟ್ಟು ಮೇಲಕ್ಕೆತ್ತಿದ ತೋಳಿನಿಂದ ಗುರುತಿಸಬಹುದು. ಜೈನರ ನಿಸಿದಿಗಲ್ಲು ಸಮಾಧಿಮರಣವನ್ನು ಹೊಂದಿದವರದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಸ್ತಂಭವು, ಇಮ್ಮಡಿ ಬಲ್ಲಾಳನ ಮರಣಾನಂತರ ಪ್ರಾಣತ್ಯಾಗ ಮಾಡಿದ ಕುವರ ಲಕ್ಷ್ಮ ದಂಡನಾಥನದು. ಅದು ಒಡೆಯನೊಡನೆ ಸಾಯುವ ಗರುಡರ ವ್ರತಕ್ಕೆ ಸೇರಿದುದು. ಇವೆಲ್ಲವೂ ಪ್ರತ್ಯೇಕವಾಗಿ ವಿಚಾರಾರ್ಹವಾದುವು. ಪ್ರಕೃತ ಲೇಖನವು ಕಾಳಗದಲ್ಲಿ ಮಡಿದವರಿಗೂ ಕಾದಿ ಉಳಿದವರಿಗೂ ಸೀಮಿತವಾಗಿದೆ.

೩. ಸಾವಿನ ಕಾರಣಗಳು

ವೀರಗಲ್ಲುಗಳೆಲ್ಲವೂ ಚಕ್ರವರ್ತಿಗಳ ದಂಡಯಾತ್ರೆಗಳಲ್ಲಿ ಮಡಿದವರವೆಂದು ಭಾವಿಸಲಾಗದು. ಶಾಸನಗಳಲ್ಲಿ ಪುನಃ ಪುನಃ ಬರುವ ಮಾತುಗಳು ‘ತುಱುಗೊಳ್’, ‘ಊರೞಿವು’, ‘ಪೆಣ್ಬುಯ್ಯಲ್’ ಎಂಬಿವು. ತುಱುವೆಂದರೆ ಗೋವುಗಳ ಹಿಂಡು. ಅದನ್ನು ಶತ್ರುಗಳು ಹೊಡೆದುಕೊಂಡು ಹೋಗುವುದು ತುಱುಗೊಳ್. ಊರೞಿವೆಂದರೆ ಊರಿನ ಮೇಲೆ ಬಿದ್ದು ನಾಶಮಾಡುವುದು. ಪೆಣ್ಬುಯ್ಯಲೆಂದರೆ ಹೆಂಗಸರ ಮಾನಕ್ಕೆ ಭಂಗ ಬಂದಾಗ ಏಳುವ ಮೊರೆ. ಇವಲ್ಲದೆ ಗಡಿಯ ಕಾಳಗಗಳೂ, ಹುಲಿ ಹಂದಿಗಳೊಡನೆ ಹೋರಿ ಮಡಿದ ಪ್ರಸಂಗಗಳೂ ಉಂಟು. ಇವುಗಳಲ್ಲಿ ತುಱುಗಾಳಗವೇ ಬಹುವಾಗಿ ಕಾಣುವುದು. ಭಾರತದ ವಿರಾಟಪರ್ವದಲ್ಲಿ ಗೋಗ್ರಹಣವನ್ನು ಓದಿದ ನಮಗೆ ಅದೊಂದು ಪುರಾಣಪ್ರಸಂಗ. ಆದರೆ ಮಲೆನಾಡಿನಲ್ಲಿಯೂ ಬಯಲುಸೀಮೆಯಲ್ಲಿಯೂ ವಾಸಿಸುತ್ತಿದ್ದ ಒಕ್ಕಲಿಗೆ ಅದು ಯಾವ ರಾತ್ರಿಯಾದರೂ ಬರಬಹುದಾಗಿದ್ದ ವಿಪತ್ತು. ಗೋವು ಹೋದರೆ ಉಳುಮೆ ಹೋಯಿತು, ಗೊಬ್ಬರ ಹೋಯಿತು, ಹಾಲು ಹೋಯಿತು. ತುಱುವನ್ನು ಮರಳಿಸಲು ಹೋಗಿ ಸತ್ತವನು ಊರಿನ ಬದುಕನ್ನೇ ಉಳಿಸಿದವನು. ಆದುದರಿಂದ ಅವನಿಗೆ ಕಲ್ಲನ್ನು ನಿಲ್ಲಿಸುವುದು ಊರಿನವರ ಋಣವಾಗಿತ್ತು. ಅರಸನು, ಸಾಮಂತನು, ಮಗನು, ತಮ್ಮನು, ಹೆಂಡತಿ ಮೊದಲಾದವರು ನಿಲ್ಲಿಸಿದ ಕಲ್ಲುಗಳಿರುವಂತೆ ಊರವರೇ ಕೂಡಿ ನಿಲ್ಲಿಸಿದ ಕಲ್ಲುಗಳೂ ಇರುವುದಕ್ಕೆ ಇದೇ ಕಾರಣ.

ಶಾಸನವು ಮಡಿದವನ ಹೆಸರನ್ನೂ, ಸಾಧ್ಯವಾದಲ್ಲಿ ತಂದೆಯ ಅಥವಾ ಒಡೆಯನ ಹೆಸರನ್ನೂ, ಕಾಳಗ ನಡೆದ ಸ್ಥಳವನ್ನೂ, ಸಂದರ್ಭವನ್ನೂ ಹೇಳುವುದು. ಬೆಂಗಳೂರಿನ ಬಳಿಯ ಬೇಗೂರಿನಲ್ಲಿರುವ ಸುಮಾರು ಕ್ರಿ. ಶ. ೮೯೦ರ ಕಲ್ಲು ಇದಕ್ಕೆ ಉತ್ತಮ ನಿದರ್ಶನ. ‘ಬೆಂಗಳೂರ ಕಾಳೆಗ’ದಲ್ಲಿ ನಾಗತ್ತರನ ಮಗನೂ ಆ ಮನೆಯ ಬಂಟನೂ ಮಡಿದುದನ್ನು ಅದು ತಿಳಿಸುವುದು. ಇಂದು ಮಹಾನಗರವಾಗಿರುವ ಬೆಂಗಳೂರಿನ ಹೆಸರಿಗೆ ನಮಗೆ ದೊರೆತಿರುವ ಅತಿ ಪ್ರಾಚೀನ ಆಧಾರವು ಒಂದು ವೀರಗಲ್ಲೆಂಬುದು ಸ್ಮರಣೀಯ. ಆ ಊರಿನ ಹೆಸರು ಉಳಿದುದು ಅಲ್ಲಿ ಸತ್ತವರ ಹೆಸರಿನ ಜೊತೆಯಲ್ಲಿ. ಮಗನೊಡನೆ ಬಂಟನ ಸಾವನ್ನೂ ಅದೇ ಕಲ್ಲು ಹೇಳುವುದನ್ನೂ ಮರೆಯತಕ್ಕದ್ದಲ್ಲ.

೪. ಕಲ್ನಾಡು ಮತ್ತು ನೆತ್ತರುಗೊಡಗೆ

ಇನ್ನು ನೆಲದ ವಿಷಯ. ಮಡಿದವನ ನಿಮಿತ್ತವಾಗಿ ಕೊಟ್ಟ ಭೂಮಿಗೆ ಹಳೆಯ ಶಾಸನಗಳಲ್ಲಿ ‘ಕಲ್ನಾಡು’ ಎಂಬ ಹೆಸರಿರುವುದು. ಮುಂದಿನ ಕಾಲದಲ್ಲಿ ‘ನೆತ್ತರುಗೊಡಗೆ’, ‘ನೆತ್ತರುಪಟ್ಟಿ’ ಎಂಬ ಹೆಸರುಗಳು ಕಾಣುವುವು. ಕೊಡಗೆಯೆಂದರೆ ಕೊಡುಗೆ, ದತ್ತಿ. ನೆತ್ತರುಗೊಡಗೆಯೆಂಬ ಪದವು ತನ್ನ ಅರ್ಥವನ್ನು ತಾನೇ ಹೇಳಿಕೊಳ್ಳುವುದು. ಇದು ರಕ್ತಕ್ಕೆ ಪ್ರತಿಯಾಗಿ ಬಂದ ನೆಲ. ಕಲ್ನಾಡೆಂಬ ಪದದಲ್ಲಿ ಮಾತ್ರ ಕಲ್ಲೂ ನೆಲವೂ ಒಂದೇ ಸಮಾಸದಲ್ಲಿ ಕೂಡಿಕೊಂಡಿರುವುವು. ಕಲ್ಲು ಬೇರೆ, ದತ್ತಿ ಬೇರೆ ಎಂಬ ಭಾವನೆಯು ಆ ಕಾಲದವರಿಗೆ ಇರಲಿಲ್ಲವೆಂಬುದನ್ನು ಈ ಸಮಾಸವೇ ಸೂಚಿಸುವಂತಿದೆ.

ಬೇಗೂರಿನಿಂದಲೇ ತಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವ ಮತ್ತೊಂದು ಪ್ರಸಿದ್ಧ ಶಿಲೆಯನ್ನು ನೋಡಬಹುದು. ಗಂಗರ ಎಱೆಯಪ್ಪನು ಅಯ್ಯಪದೇವನಿಗೆ ಸಹಾಯವಾಗಿ ವೀರಮಹೇಂದ್ರನ ಮೇಲೆ ಕಾದಲು ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದನು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಆನೆಯನ್ನು ಇದಿರಿಸಿ ಮಡಿದನು. ಅದನ್ನು ಕೇಳಿ ಮೆಚ್ಚಿದ ಎಱೆಯಪ್ಪನು ಇರುಗನೆಂಬುವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೆಂಪೂರೆಂಬುದೇ ಇಂದಿನ ಬೇಗೂರು. ಶಿಲೆಯ ಮೇಲೆ ಆನೆ ಕುದುರೆ ಕಾಲಾಳುಗಳ ಕಾಳಗವು ಬಹು ಸಾಂದ್ರವಾಗಿ ಕೆತ್ತಲ್ಪಟ್ಟಿರುವುದರಿಂದ ನೋಡುವವರ ದೃಷ್ಟಿಯು ಅಲ್ಲಿಯೇ ನಿಂತುಬಿಡುವುದು. ಆದರೆ ಹನ್ನೆರಡು ಹಳ್ಳಿಗಳನ್ನು ಒಂದೊಂದಾಗಿ ಹೆಸರಿಸುವ ಅದರ ಬರಹವನ್ನು ಓದಿದಾಗ, ಅದನ್ನು ಕೆತ್ತಿಸಿದವರಿಗೆ ಶೌರ್ಯದ ಚಿತ್ರದಷ್ಟೇ ಈ ಹಳ್ಳಿಗಳ ಪಟ್ಟಿಯೂ ಮುಖ್ಯವಾಗಿತ್ತೆಂಬುದು ವಿದಿತವಾಗುವುದು. ಬೆಂಗಳೂರ ಕಾಳೆಗದಲ್ಲಿ ಮಗನನ್ನು ಕಳೆದುಕೊಂಡ ನಾಗತ್ತರನೇ ಇವನೆಂದು ತಿಳಿಯಲಾಗಿದೆ. ಹಾಗಾದರೆ ತಂದೆ ಮಕ್ಕಳಿಬ್ಬರನ್ನೂ ಕಾಳಗಕ್ಕೆ ಒಪ್ಪಿಸಿದ ಮನೆತನದ ಪಟ್ಟವನ್ನು ಬರಿದಾಗಿ ಬಿಡದೆ ಮುಂದುವರಿಸಿದ ಕ್ರಮವನ್ನು ಈ ಎರಡು ಕಲ್ಲುಗಳು ಒಟ್ಟಾಗಿ ತೋರಿಸುವುವು.

೫. ಬಾಳ್ಗೞ್ಚು

ಮಡಿದವರ ಮಾತು ಹಾಗಿರಲಿ; ಕಾದಿ ಬದುಕಿ ಬಂದವರ ಗತಿಯೇನು? ಇದಕ್ಕೆ ಉತ್ತರವು ಕನ್ನಡದ ಅತಿ ಪ್ರಾಚೀನ ಶಾಸನವೆಂದು ಪ್ರಸಿದ್ಧವಾದ ಹಲ್ಮಿಡಿಯ ಶಾಸನದಲ್ಲಿಯೇ ಇರುವುದು. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಈ ಶಾಸನವನ್ನು ೧೯೩೬ರಲ್ಲಿ ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದರು. ಇದರ ಕಾಲವನ್ನು ಸುಮಾರು ಕ್ರಿ. ಶ. ೪೫೦ ಎಂದು ಬಹುಮಂದಿ ವಿದ್ವಾಂಸರು ಒಪ್ಪಿರುವರು. ಕದಂಬರ ಕಾಲದ ಕಾಳಗದಲ್ಲಿ ಪರಾಕ್ರಮವನ್ನು ತೋರಿದ ವಿಜಅರಸನೆಂಬ ವೀರನಿಗೆ ಪಲ್ಮಿಡಿ ಮತ್ತು ಮೂೞುವಳ್ಳಿ ಎಂಬ ಎರಡು ಗ್ರಾಮಗಳನ್ನು ‘ಬಾಳ್ಗೞ್ಚು’ವಾಗಿ ಕೊಟ್ಟುದೇ ಇದರ ವಿಷಯ. ಹೀಗೆ ನಮಗೆ ದೊರೆತಿರುವ ಕನ್ನಡ ಬರಹದ ಮೊದಲ ಮಾತುಗಳೇ ಒಬ್ಬ ಯೋಧನಿಗೆ ನಾಡು ಸಲ್ಲಿಸಿದ ಗೌರವವನ್ನು ದಾಖಲಿಸಲು ಹುಟ್ಟಿದುವು.

ಪದದ ಅರ್ಥವನ್ನು ಸ್ವಲ್ಪ ವಿಚಾರಿಸೋಣ. ಬಾಳ್ ಎಂದರೆ ಖಡ್ಗ. ಕೞ್ಚು ಎಂದರೆ ತೊಳೆ. ಸಮಾಸದಲ್ಲಿ ಕಕಾರವು ಗಕಾರವಾಗಿ ಬಾಳ್ಗೞ್ಚು ಎಂದಾಗಿದೆ. ರಣದಲ್ಲಿ ನೆತ್ತರಿನಿಂದ ತೊಯ್ದ ಕತ್ತಿಯನ್ನು ತೊಳೆದು ಕೊಡುವ ದತ್ತಿಯೆಂದು ಅರ್ಥ. ೞಕಾರವು ಕಾಲಕ್ರಮದಲ್ಲಿ ಲೋಪವಾದಾಗ ಕೞ್ಚು ಎಂಬುದು ಕರ್ಚು ಎಂದೂ ಕಚ್ಚು ಎಂದೂ ಆಯಿತು. ಆದುದರಿಂದ ಹತ್ತನೆಯ ಶತಮಾನದ ಶಾಸನದಲ್ಲಿ ಬಾಳ್ಗಚ್ಚು ಎಂದಿರುವುದನ್ನು ಕಂಡ ವಿದ್ಯಾರ್ಥಿಯು ಹಲ್ಲಿನಿಂದ ಕಚ್ಚುವ ಅರ್ಥವನ್ನು ಅಲ್ಲಿ ಹುಡುಕದಂತೆ ಅಧ್ಯಾಪಕರು ಎಚ್ಚರಿಸಬೇಕು.

ಈ ಪದವನ್ನು ದಾನಶಾಸನಗಳ ಮತ್ತೊಂದು ಮಾತಿನೊಡನೆ ಹೋಲಿಸಿದರೆ ಅದರ ಗೌರವವು ಸ್ಪಷ್ಟವಾಗುವುದು. ಗುರುಗಳಿಗೋ ಆಚಾರ್ಯರಿಗೋ ಭೂಮಿಯನ್ನು ಕೊಡುವಾಗ ದಾನಿಯು ಅವರ ‘ಕಾಲಂ ಕರ್ಚಿ’ ಧಾರೆಯೆರೆದನೆಂದು ಅಸಂಖ್ಯ ಶಾಸನಗಳು ಹೇಳುವುವು. ಪಾದಪ್ರಕ್ಷಾಳನವು ಪ್ರತಿಗ್ರಹೀತನ ಪೂಜ್ಯತೆಯನ್ನು ದಾನಿಯು ಒಪ್ಪಿಕೊಳ್ಳುವ ಕ್ರಿಯೆ. ವಿದ್ವಾಂಸನಿಗೆ ಕಾಲ್ ಹೇಗೋ ಯೋಧನಿಗೆ ಬಾಳ್ ಹಾಗೆ. ಎರಡು ಕಡೆಯಲ್ಲಿಯೂ ಕ್ರಿಯಾಪದವೊಂದೇ, ನೀರೊಂದೇ, ಕೊನೆಗೆ ಕೈಸೇರುವ ನೆಲವೂ ಒಂದೇ. ಯೋಧನಿಗೆ ಕೊಟ್ಟದ್ದನ್ನು ಕೂಲಿಯೆಂದಾಗಲಿ ಬಹುಮಾನವೆಂದಾಗಲಿ ಕರೆಯದೆ ಪೂಜೆಯ ಮಾತಿನಿಂದ ಕರೆದಿರುವುದು ಇಲ್ಲಿಯ ವಿಶೇಷ.

ಬಾಳ್ಗಚ್ಚಿನ ಪ್ರಸ್ತಾಪವು ಆತಕೂರಿನ ಶಾಸನದಲ್ಲಿಯೂ ಇದೆ. ಇದು ಕ್ರಿ. ಶ. ೯೪೯ರ ಸುಮಾರಿನದು, ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವುದು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ ಗಂಗರ ಬೂತುಗನು ರಾಜಾದಿತ್ಯನನ್ನು ಕೊಂದನು. ಇದಕ್ಕಾಗಿ ಕೃಷ್ಣನು ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಮುಂದೆ ನಿಂತು ಕಾದಿದ ಮಣಲೇರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಗ್ರಾಮವನ್ನೂ ಬಾಳ್ಗಚ್ಚಾಗಿ ಕೊಟ್ಟನು. ಮೇಲಿನವನಿಗೆ ಸಂದ ಗೌರವವು ಅಲ್ಲಿಯೇ ನಿಲ್ಲದೆ ಅವನ ಕೆಳಗೆ ಕಾದಿದವನ ವರೆಗೆ ಇಳಿದುಬಂದ ಕ್ರಮವು ಇಲ್ಲಿ ಸ್ಪಷ್ಟವಾಗಿದೆ.

ಇದೇ ಶಿಲೆಯಲ್ಲಿ ಇನ್ನೊಂದು ವೃತ್ತಾಂತವಿರುವುದು. ಮೆಚ್ಚಿದುದನ್ನು ಕೇಳಿಕೊಳ್ಳೆಂದಾಗ ಮಣಲೇರನು ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತುವು. ಅದರ ನೆನಪಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿಯ ಪಾಪವು ಅವನಿಗೆ ತಗಲುವುದೆಂದು ಕಟ್ಟಳೆಯನ್ನೂ ಬರೆದರು. ಇದನ್ನು ವಿನೋದವೆಂದು ಓದಿ ಮುಂದೆ ಹೋಗುವುದು ಸಾಮಾನ್ಯ. ಆದರೆ ಕಲ್ಲು, ನೆಲ, ನಿತ್ಯಪೂಜೆ, ಅದನ್ನು ನಡೆಸತಕ್ಕವನ ಹೊಣೆ ಎಂಬ ನಾಲ್ಕೂ ಇಲ್ಲಿ ಒಂದೇ ಕಡೆಯಲ್ಲಿ ದೊರೆಯುವುದರಿಂದ, ಸ್ಮಾರಕವನ್ನು ನಿಲ್ಲಿಸುವುದಕ್ಕಿಂತ ನಡೆಸಿಕೊಂಡು ಬರುವುದರ ಕಷ್ಟವನ್ನು ಆ ಕಾಲದವರು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಇದು ಅಮೂಲ್ಯವಾದ ಸಾಕ್ಷ್ಯ.

೬. ಶಾಸ್ತ್ರದ ಆಧಾರ

ಅನೇಕ ವೀರಗಲ್ಲುಗಳಲ್ಲಿ, ಗೆದ್ದವನಿಗೆ ಲಕ್ಷ್ಮಿಯೂ ಸತ್ತವನಿಗೆ ಸುರಾಂಗನೆಯೂ ಲಭಿಸುವರು, ಕ್ಷಣಭಂಗುರವಾದ ದೇಹಕ್ಕಾಗಿ ರಣದಲ್ಲಿ ಚಿಂತೆಯೇಕೆ ಎಂಬ ಅಭಿಪ್ರಾಯದ ಸಂಸ್ಕೃತ ಶ್ಲೋಕವು ಕಾಣುವುದು. ಯೋಗಿಯೂ, ರಣದಲ್ಲಿ ಅಭಿಮುಖನಾಗಿ ಹತನಾದವನೂ ಸೂರ್ಯಮಂಡಲವನ್ನು ಭೇದಿಸಿಕೊಂಡು ಹೋಗುವರೆಂದು ಪರಾಶರಸ್ಮೃತಿಯು ಹೇಳುವುದು. ಸ್ವರ್ಗಪರವಾದ ಈ ವಚನಗಳು ಪಂಡಿತರಿಗೂ ಅಧ್ಯಾಪಕರಿಗೂ ಸುಪರಿಚಿತವಾದುವು.

ಆದರೆ ಶಾಸ್ತ್ರವು ಇಷ್ಟಕ್ಕೇ ನಿಲ್ಲುವುದಿಲ್ಲ. ಮಹಾಭಾರತದ ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನನ್ನು ರಾಜಧರ್ಮದ ವಿಷಯವಾಗಿ ಪ್ರಶ್ನಿಸುವಾಗ, ನಿನಗಾಗಿ ಪ್ರಾಣವನ್ನು ಬಿಟ್ಟವರ ಹೆಂಡಿರನ್ನು ನೀನು ಪೋಷಿಸುತ್ತಿರುವೆಯಷ್ಟೆ ಎಂದು ಕೇಳುವನು. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತು, ೧೯೦೯ರಲ್ಲಿ ಆರ್. ಶಾಮಶಾಸ್ತ್ರಿಗಳವರಿಂದ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣವು, ಕಾರ್ಯದಲ್ಲಿ ಮೃತರಾದವರ ಹೆಂಡಿರು ಮಕ್ಕಳಿಗೆ ಅನ್ನವೂ ವೇತನವೂ ಸಲ್ಲತಕ್ಕದ್ದೆಂದು ವಿಧಿಸುವುದು. ಅವರ ಮನೆಯ ಬಾಲರನ್ನೂ ವೃದ್ಧರನ್ನೂ ರೋಗಿಗಳನ್ನೂ ಅನುಗ್ರಹಿಸಬೇಕೆಂದೂ, ಸಾವು ಕಾಯಿಲೆ ಬಾಣಂತನಗಳಲ್ಲಿ ಧನದಿಂದಲೂ ಮಾನದಿಂದಲೂ ನೆರವಾಗಬೇಕೆಂದೂ ಹೇಳುವುದು. ಕಲ್ನಾಡೂ ನೆತ್ತರುಗೊಡಗೆಯೂ ಈ ಗ್ರಂಥವನ್ನು ಓದಿ ಹುಟ್ಟಿದುವೆಂದು ನಾವು ಹೇಳುವುದಿಲ್ಲ. ಶಾಸ್ತ್ರಕಾರನು ಅರಸನ ಕರ್ತವ್ಯವೆಂದು ವಿಧಿಸಿದುದನ್ನು ಕನ್ನಡದ ಊರುಗಳು ತಮ್ಮ ಭಾಷೆಯಲ್ಲಿ, ತಮ್ಮ ಹೊಲದ ಎಲ್ಲೆಯೊಳಗೆ ಆಚರಿಸಿ ತೋರಿಸಿದುವೆಂದಷ್ಟೇ ಅಭಿಪ್ರಾಯ.

೭. ಒಂದು ಆಕ್ಷೇಪ

ಇದಕ್ಕೆ ಪ್ರತಿಯಾಗಿ ಹೀಗೆ ಹೇಳಬಹುದು: ಅರಸರಿಗೆ ಪ್ರಾಣ ಕೊಡುವ ಆಳುಗಳು ಬೇಕಾಗಿದ್ದರು, ಸ್ವರ್ಗದ ಆಸೆ ಒಂದು ಪ್ರಲೋಭನ, ನೆಲದ ಆಸೆ ಇನ್ನೊಂದು, ಇದನ್ನು ಗೌರವವೆನ್ನುವುದಕ್ಕಿಂತ ಬೆಲೆಯೆನ್ನುವುದೇ ಉಚಿತವಲ್ಲವೆ? ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ತಳ್ಳಿಹಾಕಲಾಗದು. ‘ಜೋಳವಾಳಿ’ ಎಂಬ ಮಾತೇ ಉಂಡ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವ ಕಟ್ಟನ್ನು ಸೂಚಿಸುವುದು. ದೊಡ್ಡ ಸಾಮಂತರಿಗೆ ಹನ್ನೆರಡು ಹಳ್ಳಿಗಳು ದೊರೆತಾಗ ಸಣ್ಣ ಬಂಟನಿಗೆ ಕಲ್ಲು ಮಾತ್ರ ದೊರೆತ ಉದಾಹರಣೆಗಳೂ ಇಲ್ಲದಿಲ್ಲ. ಎಲ್ಲ ವೀರಗಲ್ಲುಗಳಲ್ಲಿಯೂ ದತ್ತಿಯ ಉಲ್ಲೇಖವಿರುವುದಿಲ್ಲವೆಂಬುದನ್ನೂ ಒಪ್ಪಬೇಕು.

ಆದರೆ ತುಱುಗಾಳಗದ ಕಲ್ಲುಗಳಿಗೆ ಈ ಆಕ್ಷೇಪವು ಪೂರ್ಣವಾಗಿ ಅನ್ವಯಿಸುವುದಿಲ್ಲ. ಅಲ್ಲಿ ಮಡಿದವನನ್ನು ಕಳುಹಿಸಿದವನು ದೂರದ ಅರಸನಲ್ಲ; ಊರಿನ ಕೂಗೇ ಅವನನ್ನು ಕಳುಹಿಸಿದುದು. ಬೆಲೆಯಾಗಿದ್ದರೆ ಕೊಟ್ಟೊಡನೆ ಸಂಬಂಧವು ತೀರಬೇಕಾಗಿತ್ತು. ಇಲ್ಲಿಯಾದರೋ ಕೊಟ್ಟವರು ತಮ್ಮನ್ನೂ ತಮ್ಮ ಮಕ್ಕಳನ್ನೂ ಶಾಪದಿಂದ ಕಟ್ಟಿಕೊಂಡು, ಸಂಬಂಧವು ತೀರಕೂಡದೆಂದು ಕಲ್ಲಿನಲ್ಲಿ ಬರೆದುಕೊಂಡರು.

೮. ಇಂದಿನ ಸ್ಥಿತಿ

ಹಳೆಯ ಹೆಸರು ಇಂದಿಗೂ ಬದುಕಿರುವುದು. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಹಿಡಿದ ಕಾಳಗದಲ್ಲಿ ಜೋಧಪುರದವರೊಡನೆ ಮೈಸೂರಿನ ಅಶ್ವದಳವೂ ಭಾಗವಹಿಸಿತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರು ದಳಗಳನ್ನು ಸೂಚಿಸುವುವು. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಸುಮಾರು ೭೫ ಅಡಿ ಎತ್ತರದ ಏಕಶಿಲೆಯನ್ನು ನಿಲ್ಲಿಸಿ ಅದಕ್ಕೆ ‘ವೀರಗಲ್ಲು’ ಎಂದೇ ಹೆಸರಿಟ್ಟಿರುವರು. ಸ್ವತಂತ್ರ ಭಾರತದ ಯೋಧರಿಗೆ ಕಲ್ಲನ್ನು ನಿಲ್ಲಿಸುವಾಗ ಸಾವಿರ ವರ್ಷಗಳಿಗೂ ಹಿಂದಿನ ಪದವು ತಾನಾಗಿ ನಾಲಗೆಗೆ ಬಂದಿತೆಂಬುದು ಸಂತೋಷದ ವಿಷಯ.

ಹಳೆಯ ಕಲ್ಲುಗಳ ಗತಿಯು ಮಾತ್ರ ಸಂತೋಷಕರವಾಗಿಲ್ಲ. ಕೆಲವೆಡೆ ಊರವರು ಅವುಗಳಿಗೆ ಎಣ್ಣೆಯೆರೆದು ಅರಿಸಿನ ಕುಂಕುಮವಿಟ್ಟು ದೇವರೆಂದೇ ಪೂಜಿಸುವರು. ಅಲ್ಲಿ ಹೆಸರು ಮರೆತಿದ್ದರೂ ಮಾನ ಉಳಿದಿದೆ. ಇನ್ನು ಕೆಲವೆಡೆ ಅವು ಬಟ್ಟೆಯೊಗೆಯುವ ಕಲ್ಲಾಗಿಯೂ, ಕಾಲುವೆಯ ಹಾಸಾಗಿಯೂ, ಮನೆಯ ತಳಪಾಯವಾಗಿಯೂ ಹೋಗಿರುವುವು. ನಗರಗಳು ಬೆಳೆದಂತೆಲ್ಲ ಈ ಹಾನಿಯೂ ಬೆಳೆದಿದೆ. ಇದಕ್ಕೆ ಪ್ರತಿಯಾದ ಉದಾಹರಣೆಯೂ ಇಲ್ಲದಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ, ಗಂಗ ಶ್ರೀಪುರುಷನ ಆಳ್ವಿಕೆಗೆ ಸೇರಿದ, ಸುಮಾರು ಕ್ರಿ. ಶ. ೭೫೦ರ ಕಿಟ್ಟಯ್ಯನೆಂಬ ವೀರನ ಕಲ್ಲು ೨೦೧೮ರಲ್ಲಿ ಕಂಡುಬಂದಾಗ ಸ್ಥಳ ನಿವಾಸಿಗಳೂ ಶಾಸನಾಸಕ್ತರೂ ಕೂಡಿ ಅದನ್ನು ರಕ್ಷಿಸಿ, ಅದಕ್ಕೆ ಮಂಟಪವನ್ನು ಕಟ್ಟಿಸುವ ಕಾರ್ಯವನ್ನು ಕೈಕೊಂಡರು. ಸುಮಾರು ಸಾವಿರದಿನ್ನೂರೈವತ್ತು ವರ್ಷಗಳ ಹಿಂದೆ ರಟ್ಟವಾಡಿಯ ದಂಡನ್ನು ಎದುರಿಸಿ ಮಡಿದವನ ಋಣವನ್ನು, ಅವನ ಕುಲಗೋತ್ರಗಳನ್ನರಿಯದ ಇಂದಿನ ಊರವರು ಮತ್ತೆ ತಮ್ಮದೆಂದು ಒಪ್ಪಿಕೊಂಡರು.

ಸಾಹಿತ್ಯಾಧ್ಯಾಪಕರಲ್ಲಿ ಈ ಲೇಖಕನ ವಿಜ್ಞಾಪನೆಯು ಇಷ್ಟೆ. ವೀರಗಲ್ಲಿನ ಶಾಸನವನ್ನು ಪಾಠ ಹೇಳುವಾಗ ಶ್ಲೋಕದ ವರೆಗೆ ಓದಿ ನಿಲ್ಲಿಸದೆ, ಕೊನೆಯ ಪಂಕ್ತಿಗಳಲ್ಲಿರುವ ಊರುಗಳ ಹೆಸರುಗಳನ್ನೂ ನೆಲದ ಅಳತೆಯನ್ನೂ ಶಾಪವನ್ನೂ ಓದಿ ಅರ್ಥ ಹೇಳಬೇಕು. ಕಲ್ನಾಡು, ನೆತ್ತರುಗೊಡಗೆ, ಬಾಳ್ಗೞ್ಚು ಎಂಬ ಪದಗಳನ್ನು ಕೋಶದ ಕ್ಲಿಷ್ಟಪದಗಳೆಂದು ಬಿಡದೆ ವಿದ್ಯಾರ್ಥಿಗಳಿಗೆ ಪರಿಚಯಮಾಡಿಕೊಡಬೇಕು. ತಮ್ಮ ಶಾಲೆಯ ಸುತ್ತಮುತ್ತಲಿನ ಕಲ್ಲುಗಳ ಇರುವಿಕೆಯನ್ನು ವಿದ್ಯಾರ್ಥಿಗಳಿಂದ ಬರೆಯಿಸಿಟ್ಟುಕೊಂಡರೆ ಇನ್ನೂ ಉತ್ತಮ. ಅಚ್ಚಾದ ಸಂಪುಟಗಳಲ್ಲಿ ಸೇರದ ಕಲ್ಲು ಯಾವ ಬೇಲಿಯ ಮರೆಯಲ್ಲಿದೆಯೆಂಬುದನ್ನು ಆ ಊರಿನ ಮಕ್ಕಳೇ ಚೆನ್ನಾಗಿ ಬಲ್ಲರು.